ಎಷ್ಟು ದಿನ ಇದ್ದರೆ ಒಂದು ಊರು ಗೊತ್ತಾಗುತ್ತದೆ?

ಅಹಮದಾಬಾದಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥ ಕನ್ನಡಿಗರಿಗೆ ಚಳಿಗಾಲವೆಂದರೆ ನೆಂಟರ ಕಾಲ. ಶುಕ್ರವಾರ ರಾತ್ರಿ ಬಂದಿಳಿದು ಭಾನುವಾರ ಸಂಜೆ ಹೊರಟುಬಿಡುವವರೇ ಹೆಚ್ಚು. ಅಷ್ಟರಲ್ಲಿ ಸಾಬರಮತಿ ಆಶ್ರಮ, ಸೀದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಿ, ಅಡಾಲಜ್‌ನ ಮೆಟ್ಟಿಲುಬಾವಿ, ರಾತ್ರಿ ಮಾಣೆಕ್ ಚೌಕಿನ ತಿಂಡಿ ಎಲ್ಲ ಮುಗಿದಿರಬೇಕು. ಹೊರಡುವ ಮುಂಚೆ ಒಂದು ತೀರ್ಪು ಕೊಟ್ಟೇ ಹೋಗುತ್ತಾರೆ. ‘ಜನ ಏನೋ ಒಳ್ಳೆಯವರೇ, ಆದರೆ ದುಡ್ಡೇ ದೊಡ್ಡಪ್ಪ ನೋಡಿ.’ ‘ಬೇಳೆಗೂ ಬೆಲ್ಲ ಹಾಕ್ತಾರಲ್ರೀ, ಹೇಗೆ ತಿಂತೀರಿ?’ ‘ರಾತ್ರಿ ಹನ್ನೆರಡಕ್ಕೂ ಹೆಣ್ಣುಮಕ್ಕಳು ಸ್ಕೂಟರಲ್ಲಿ ಓಡಾಡ್ತಾರೆ, ಎಂಥ ಊರು!’ ಹೊಗಳಿದರೂ ತೆಗಳಿದರೂ ನಮಗೆ ಒಳಗೊಳಗೇ ಕಿರಿಕಿರಿ. ವರ್ಷಗಟ್ಟಲೆ ಇಲ್ಲಿದ್ದು ನಾವೇ ಬಾಯಿ ಬಿಗಿಹಿಡಿದಿರುವಾಗ ಎರಡು ದಿನದಲ್ಲಿ ಇವರಿಗೆ ಏನು ಗೊತ್ತಾಯಿತು?

ಈ ಕಿರಿಕಿರಿ ಎಷ್ಟು ನ್ಯಾಯ ಎಂಬುದೇ ನನ್ನ ಪ್ರಶ್ನೆ. ಇಷ್ಟು ದಿನ ಇದ್ದವನಿಗೆ ಇಷ್ಟು ಮಾತಾಡುವ ಹಕ್ಕು ಎಂಬ ಒಂದು ಲೆಕ್ಕ ನಮ್ಮೆಲ್ಲರ ಮನಸ್ಸಿನಲ್ಲೂ ಇದೆ. ಬೆಂಗಳೂರಿಗೆ ಆಫೀಸಿನ ಕೆಲಸಕ್ಕೆ ಎರಡು ದಿನ ಬಂದು ಹೋದ ಗುಜರಾತಿ ಸಹೋದ್ಯೋಗಿ ‘ನಿಮ್ಮ ಊರಲ್ಲಿ ಟ್ರಾಫಿಕ್ ಬಿಟ್ಟರೆ ಏನಿದೆ’ ಎಂದಾಗಲೂ ನಾವು ಅದೇ ಲೆಕ್ಕ ತೆಗೆಯುತ್ತೇವೆ.

ಈ ಲೆಕ್ಕಕ್ಕೆ ಮೊದಲ ಪೆಟ್ಟು ಕೊಡುವವನು ಜಹಾಂಗೀರ್ ಬಾದಶಹ. 1618ರಲ್ಲಿ ಅವನು ಅಹಮದಾಬಾದಿನಲ್ಲಿ ಇದ್ದದ್ದು ಎರಡು ದಿನವಲ್ಲ, ತಿಂಗಳುಗಟ್ಟಲೆ. ಹಿಂದೆ ಇಡೀ ದರ್ಬಾರು, ಮುಂದೆ ಕೈಕಟ್ಟಿ ನಿಂತ ಊರು. ಆದರೂ ಆತ್ಮಕಥೆಯಲ್ಲಿ ಅವನು ಈ ಊರಿಗೆ ಕೊಟ್ಟ ಹೆಸರುಗಳನ್ನು ನೋಡಿ: ಧೂಳಿನ ಊರು ಎಂಬರ್ಥದ ಗರ್ದಾಬಾದ್, ಬಿಸಿಗಾಳಿಯ ನಾಡು ಸಮೂಮಿಸ್ತಾನ್, ರೋಗಿಗಳ ಬೀಡು ಬೀಮಾರಿಸ್ತಾನ್, ಕೊನೆಗೆ ನರಕವೇ ಆದ ಜಹನ್ನಮಾಬಾದ್. ಇಂಥ ಜಾಗದಲ್ಲಿ ಏನು ಚೆಂದ ಕಂಡು ಆ ಪುಣ್ಯಾತ್ಮ ಊರು ಕಟ್ಟಿದನೋ ಎಂದು ಬೇರೆ ಕೇಳುತ್ತಾನೆ. ಊರು ಕಟ್ಟಿದ್ದು 1411ರಲ್ಲಿ, ಸುಲ್ತಾನ ಅಹಮದ್ ಶಾಹ. ಬಾದಶಹನ ಪಕ್ಷವನ್ನೂ ಹೇಳಬೇಕು: ಆಗ ಊರಿನಲ್ಲಿ ಜ್ವರ ಹಬ್ಬಿತ್ತು, ಅವನೂ ಮಲಗಿದ್ದ. ಧೂಳಿನ ಮಾತಂತೂ ಸುಳ್ಳಲ್ಲ, ಮೇ ತಿಂಗಳಿನಲ್ಲಿ ಇಲ್ಲಿ ಕಿಟಕಿ ತೆರೆದವರೆಲ್ಲ ಸಾಕ್ಷಿ ಹೇಳುತ್ತಾರೆ. ಆದರೆ ಧೂಳಿನ ನಡುವೆ ನೇಯುತ್ತ, ಮಾರುತ್ತ, ಮಳೆನೀರು ಕೂಡಿಡುತ್ತ ಇದ್ದ ಜನ ಅವನ ಆ ಸಿಟ್ಟಿನ ಪುಟದಲ್ಲಿ ಇಲ್ಲ. ಅವನು ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲವಲ್ಲ.

ಹಾಗಾದರೆ ಇಲ್ಲೇ ಬದುಕುವವರಿಗೆ ಊರು ಗೊತ್ತೇ? ನದಿಯ ಪಶ್ಚಿಮಕ್ಕೆ ಸ್ಯಾಟಲೈಟ್, ಪ್ರಹ್ಲಾದನಗರ, ಬೋಪಲ್ ಎಂದು ಬೆಳೆದಿರುವ ಅಹಮದಾಬಾದಿನಲ್ಲಿ ನಮ್ಮಲ್ಲಿ ಹೆಚ್ಚಿನವರ ವಾಸ. ಅಪಾರ್ಟ್‌ಮೆಂಟು, ಆಫೀಸು, ಮಾಲು. ಪೂರ್ವ ದಡದ ಹಳೇ ಊರಿಗೆ ನಾವು ಹೋಗುವುದು ನೆಂಟರು ಬಂದಾಗಲೇ. ಕಾಲೂಪುರದ ಸ್ವಾಮಿನಾರಾಯಣ ದೇವಸ್ಥಾನದಿಂದ ಜುಮ್ಮಾ ಮಸೀದಿಯವರೆಗೆ ನಗರಪಾಲಿಕೆ 1997ರಿಂದ ನಡೆಸುತ್ತಿರುವ ಬೆಳಗಿನ ಹೆರಿಟೇಜ್ ವಾಕ್ ಇದೆ. ಅದರಲ್ಲಿ ನಡೆದ ಪ್ರವಾಸಿಗೆ ಎರಡೂವರೆ ಗಂಟೆಯಲ್ಲಿ ಪೋಳ್ ಎಂದರೇನು ಎಂದು ತಿಳಿಯುತ್ತದೆ: ಒಂದೇ ಹೆಬ್ಬಾಗಿಲಿನ ಕೇರಿ, ಹಕ್ಕಿಗಳಿಗೆ ಕಾಳು ಹಾಕುವ ಚಬೂತರೋ, ಅಂಗಳದ ಕೆಳಗೆ ವರ್ಷದ ಕುಡಿಯುವ ನೀರು ಹಿಡಿದಿಡುವ ಟಾಂಕಾ. 2017ರಲ್ಲಿ ಯುನೆಸ್ಕೋ ಭಾರತದ ಮೊದಲ ವಿಶ್ವ ಪಾರಂಪರಿಕ ನಗರವೆಂದು ಗುರುತಿಸಿದ್ದು ಈ ಹಳೇ ಊರನ್ನೇ. ಹತ್ತು ವರ್ಷದ ಬಾಡಿಗೆ ಕರಾರುಪತ್ರ ಇಟ್ಟುಕೊಂಡ ನಮಗಿಂತ ಆ ಪ್ರವಾಸಿಗೆ ಇಷ್ಟಾದರೂ ಹೆಚ್ಚು ಗೊತ್ತು.

ದಿನಗಳ ಲೆಕ್ಕ ಪೂರ್ತಿ ಬಿದ್ದುಹೋಗುವುದು ವಡೋದರೆಯಲ್ಲಿ. ಅಲ್ಲಿಗೆ ಹೋದವರೆಲ್ಲ 1890ರಲ್ಲಿ ಮುಗಿದ ಲಕ್ಷ್ಮೀವಿಲಾಸ ಅರಮನೆ ನೋಡುತ್ತಾರೆ, ಮಕ್ಕಳಿದ್ದರೆ ಸಯಾಜಿ ಬಾಗ್‌ಗೆ ಹೋಗುತ್ತಾರೆ. ಆಗ ಅದಕ್ಕೆ ಕಾಮಾಟಿ ಬಾಗ್ ಎಂದು ಹೆಸರು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಕರಾರಿನಂತೆ ಸಂಸ್ಥಾನದ ನೌಕರಿಗೆಂದು 1917ರಲ್ಲಿ ಭೀಮರಾವ್ ಅಂಬೇಡ್ಕರ್ ಈ ಊರಿಗೆ ಬಂದಿಳಿದರು. ನೌಕರಿ ಸಿಕ್ಕಿತ್ತು, ಉಳಿಯಲು ಜಾಗ ಇರಲಿಲ್ಲ. ಹಿಂದೂ ವಸತಿಗೃಹಗಳು ಸೇರಿಸುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಮೇಲಂತಸ್ತಿನ ಕೋಣೆಯಲ್ಲಿ ಉಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಕಚೇರಿಗೆ ಹೊರಡುವಾಗ ದೊಣ್ಣೆ ಹಿಡಿದ ಹತ್ತು ಹನ್ನೆರಡು ಪಾರ್ಸಿಗಳು ಮೆಟ್ಟಿಲೇರಿ ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕೆಂದರು. ಅಂಬೇಡ್ಕರ್ ಇಬ್ಬರು ಸ್ನೇಹಿತರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಒಬ್ಬರಿಗೆ ಮನೆಯ ಆಳುಗಳು ಬಿಟ್ಟುಹೋಗುವ ಚಿಂತೆ. ಇನ್ನೊಬ್ಬರು ಹೆಂಡತಿಯನ್ನು ಕೇಳಿ ಹೇಳುವುದಾಗಿ ಅಂದರು. ಮುಂಬಯಿಯ ರೈಲು ರಾತ್ರಿಗೆ. ಅದು ಬರುವವರೆಗೆ ಕಾಮಾಟಿ ಬಾಗ್‌ನಲ್ಲಿ ಕೂತರು. ಇದನ್ನೆಲ್ಲ ಅವರೇ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಚಿಕ್ಕ ಬರಹದಲ್ಲಿ ಹೇಳಿಕೊಂಡಿದ್ದಾರೆ.

ಆ ಊರನ್ನು ಆಳುತ್ತಿದ್ದವರು ಯಾರೋ ಹಳೇ ತಲೆಯ ರಾಜರಲ್ಲ. 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ, ಅಂಬೇಡ್ಕರರನ್ನು ಓದಿಸಿದ ಮೂರನೆಯ ಸಯಾಜಿರಾವ್ ಗಾಯಕವಾಡರೇ. ಬರೋಡಾ ಎಂದರೆ ಸುಧಾರಣೆ, ಗ್ರಂಥಾಲಯ, ಸಂಗೀತ ಎಂದು ಹೆಮ್ಮೆಪಡುತ್ತಿದ್ದ ಆ ಕಾಲದ ಬರೋಡಾದವರು ಸುಳ್ಳು ಹೇಳುತ್ತಿರಲಿಲ್ಲ. ಅವೆಲ್ಲ ಇದ್ದವು. ಆದರೆ ಅಲ್ಲೇ ಹುಟ್ಟಿ ಬೆಳೆದ ವಕೀಲರಿಗೆ, ಮೇಷ್ಟ್ರುಗಳಿಗೆ ಐವತ್ತು ವರ್ಷದಲ್ಲಿ ಕಾಣದ ಊರು ಒಬ್ಬ ಹೊರಗಿನವರಿಗೆ ಹನ್ನೊಂದು ದಿನದಲ್ಲಿ ಕಂಡಿತು. ‘ಕೆಲವೇ ದಿನ ಇದ್ದ ಈತನಿಗೆ ನಮ್ಮ ಊರಿನ ಬಗ್ಗೆ ಏನು ಗೊತ್ತು’ ಎಂದು ಅವತ್ತು ಯಾರಾದರೂ ಕೇಳಿದ್ದರೆ ಆ ಮಾತಿನ ಬೆಲೆ ಎಷ್ಟು?

ಊರು ತನ್ನ ಗುಟ್ಟು ಬಿಟ್ಟುಕೊಡುವುದು ಅದರ ಹತ್ತಿರ ಏನನ್ನಾದರೂ ಕೇಳಬೇಕಾಗಿ ಬಂದವನಿಗೆ ಎಂದು ನನಗೆ ಅನ್ನಿಸುವುದು ಇದರಿಂದಲೇ. ಪ್ರವಾಸಿ ಏನನ್ನೂ ಕೇಳುವುದಿಲ್ಲ. ಅವನ ಕೋಣೆ ಮೊದಲೇ ಬುಕ್ ಆಗಿದೆ, ದುಡ್ಡು ಸಂದಾಯವಾಗಿದೆ, ಬಾಗಿಲು ತೆರೆದೇ ಇದೆ. ಬಾಡಿಗೆ ಮನೆ ಹುಡುಕಿಕೊಂಡು ಅಲೆದವರು ಮಾತ್ರ ತಮ್ಮ ಮೊದಲ ತಿಂಗಳನ್ನು ನೆನಪಿಸಿಕೊಳ್ಳಲಿ. ‘ವೆಜ್ಜೋ ನಾನ್‌ವೆಜ್ಜೋ?’ ಎಂದು ಶುರುವಾಗಿ ಅಡ್ಡಹೆಸರಿಗೆ ಬಂದು ನಿಲ್ಲುವ ಪ್ರಶ್ನೆಗಳು. ನಮ್ಮ ಹೆಸರುಗಳಲ್ಲಿ ಊರಿನ ಹೆಸರೋ ಅಪ್ಪನ ಹೆಸರೋ ಇರುವುದರಿಂದ ಇಲ್ಲಿನ ದಲ್ಲಾಳಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಆಗುವ ಕಸಿವಿಸಿ. ಮುಸ್ಲಿಂ ಗೆಳೆಯನಿದ್ದರೆ ಅವನಿಗೆ ಜುಹಾಪುರದ ಕಡೆ ನೋಡಿ ಎಂಬ ಸಲಹೆ. ಇಲ್ಲಿ ‘ಡಿಸ್ಟರ್ಬ್ಡ್ ಏರಿಯಾ’ ಎಂದು ಘೋಷಿಸಿದ ಕಡೆ ಕಲೆಕ್ಟರರ ಅನುಮತಿಯಿಲ್ಲದೆ ಮನೆ ಮಾರುವಂತಿಲ್ಲ. ಗಲಭೆಗೆ ಹೆದರಿದವರು ಸಿಕ್ಕಿದ ಬೆಲೆಗೆ ಮಾರಿ ಓಡುವುದನ್ನು ತಡೆಯಲೆಂದು ಬಂದ 1991ರ ಕಾನೂನು ಅದು. ಕೇರಿ ಕೇರಿಗಳ ನಡುವಿನ ಗೆರೆಯನ್ನು ಅದೇ ಗಟ್ಟಿ ಮಾಡಿತು ಎಂಬ ಟೀಕೆಯೂ ಇದೆ. ಇಷ್ಟೆಲ್ಲ ಮೊದಲ ತಿಂಗಳಿನಲ್ಲೇ ತಿಳಿಯುತ್ತದೆ. ಆಮೇಲೆ ಕೀಲಿ ಕೈಗೆ ಬರುತ್ತದೆ, ಪಕ್ಕದ ಮನೆಯ ಬಾ ಢೋಕಳಾ ಕಳಿಸುತ್ತಾರೆ, ನಾವು ಗುಜರಾತಿಗಳ ಸ್ನೇಹಪರತೆಯ ಬಗ್ಗೆ ಮಾತಾಡತೊಡಗುತ್ತೇವೆ. ಢೋಕಳಾವೂ ಸತ್ಯವೇ. ಆದರೆ ದಾಟಿಬಂದ ಹೊಸ್ತಿಲು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಊರು ಚೆನ್ನಾಗಿ ಗೊತ್ತು ಎಂದು ನಾವು ಹೇಳಿಕೊಳ್ಳುವ ಹೊತ್ತಿಗೆ ನಮಗೆ ಗೊತ್ತಿದ್ದದ್ದರಲ್ಲಿ ಅರ್ಧ ಮರೆತಿರುತ್ತದೆ.

ಇದನ್ನು ಎಳೆದರೆ ಪೆಟ್ಟು ತಿಂದವರಿಗೆ ಮಾತ್ರ ಮಾತಾಡುವ ಹಕ್ಕು ಎಂದಾಗಿಬಿಡುತ್ತದೆ. ನನ್ನ ಸೋದರಮಾವ ಬಂದುಹೋದ ಮೇಲೆ ನನಗೆ ಹಾಗೆ ಹೇಳಲಾಗುವುದಿಲ್ಲ. ಅವರು ದಾವಣಗೆರೆಯಲ್ಲಿ ಹತ್ತಿ ಗಿರಣಿಯಲ್ಲಿದ್ದವರು. ಇಲ್ಲಿದ್ದದ್ದು ಎರಡೇ ದಿನ, ಅವರಿಗೆ ಯಾರೂ ಏನೂ ಇಲ್ಲವೆನ್ನಲಿಲ್ಲ. ಮಸೀದಿ, ಆಶ್ರಮಗಳಲ್ಲಿ ಸುಮ್ಮನೆ ನಡೆದರು. ಪೂರ್ವದ ಕಡೆ ಕಾರಿನಲ್ಲಿ ಹೋಗುವಾಗ ಒಂದು ಚಿಮಣಿ ಕಂಡಿತು.

‘ಅದು ಯಾವ ಮಿಲ್ಲಪ್ಪಾ?’

‘ಹೆಸರು ಗೊತ್ತಿಲ್ಲ ಮಾವ. ಮುಚ್ಚಿಹೋಗಿದೆ.’

‘ಮುಚ್ಚಿದ್ದು ಕಾಣ್ತತಲ್ಲ. ಜನ ಎಲ್ಲಿಗೆ ಹೋದ್ರು?’

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದಿದ್ದಂತೆ ಅಹಮದಾಬಾದಿಗೆ ಭಾರತದ ಮ್ಯಾಂಚೆಸ್ಟರ್ ಎಂಬ ಬಿರುದಿತ್ತು. ಇಲ್ಲಿ ಮೊದಲ ಗಿರಣಿ ಶುರುವಾದದ್ದು 1861ರಲ್ಲಿ. 1918ರಲ್ಲಿ ಕೂಲಿ ಹೆಚ್ಚಳಕ್ಕಾಗಿ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಗಾಂಧಿ ಉಪವಾಸ ಕೂತರು. ಅದರ ಬೆನ್ನಿಗೆ 1920ರಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ನಿಂತವು. ಖಾಯಂ ಕೆಲಸ ಹೋದವರು ರಿಕ್ಷಾ ಹಿಡಿದರು, ತಳ್ಳುಗಾಡಿ ಇಟ್ಟರು, ಮನೆಯ ಹೆಂಗಸರು ಹೊಲಿಗೆ, ಅಗರಬತ್ತಿ ಎಂದು ಮನೆಯಲ್ಲೇ ದುಡಿದರು. ಇಳಾ ಭಟ್ಟರು ಮಜೂರ್ ಮಹಾಜನದ ಮಹಿಳಾ ವಿಭಾಗದಲ್ಲಿದ್ದುಕೊಂಡೇ 1972ರಲ್ಲಿ ಇಂಥ ದುಡಿಯುವ ಹೆಂಗಸರಿಗಾಗಿ ಸೇವಾ ಸಂಘಟನೆ ಕಟ್ಟಿದ್ದರು. ಮಾವನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಈ ಊರಿನ ನೂರು ವರ್ಷದ ಕಥೆ ಬಿಚ್ಚಿಕೊಳ್ಳುತ್ತದೆ. ಅವರು ತಮ್ಮ ಊರಿನಿಂದ ಒಂದು ಪ್ರಶ್ನೆ ತಂದಿದ್ದರು. ಖಾಲಿ ಕೈಯಲ್ಲಿ ಬಂದವರು ಫೋಟೋ ಒಯ್ಯುತ್ತಾರೆ.

ನೆಂಟರ ಮೇಲೆ ಇಷ್ಟು ಹೇಳಿದ ಮೇಲೆ ಆತಿಥ್ಯ ಮಾಡುವವರ ಪಾಲನ್ನೂ ಹೇಳಬೇಕು. ಅಹಮದಾಬಾದಿಗೆ ದೊಡ್ಡ ದೊಡ್ಡ ಅತಿಥಿಗಳು ಬರುತ್ತಾರೆ. 2014ರ ಸೆಪ್ಟೆಂಬರ್ 17ರಂದು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಬಂದು ಆಶ್ರಮದಲ್ಲಿ ಚರಕ ನೋಡಿ, ನದಿದಂಡೆಯಲ್ಲಿ ಉಯ್ಯಾಲೆಯ ಮೇಲೆ ಕೂತರು. ಅವತ್ತೇ ಅಹಮದಾಬಾದ್ ಮತ್ತು ಗುವಾಂಗ್‌ಝೌ ಸೋದರಿ ನಗರಗಳಾಗುವ ಒಪ್ಪಂದವೂ ಆಯಿತು. ಎರಡೂ ವ್ಯಾಪಾರದ ಹಳೇ ಊರುಗಳು, ಎರಡೂ ಕಡೆ ದುಡಿಯಲು ಬಂದ ಹೊರಗಿನ ಜನ. ಆ ಸಂಜೆ ಅವರಿಗೆ ಕಂಡದ್ದು ದೀಪ ಹಚ್ಚಿದ ನದಿ. ನೀರು ನರ್ಮದಾ ಕಾಲುವೆಯದು. 2020ರ ಫೆಬ್ರವರಿ 24ರಂದು ಟ್ರಂಪ್ ಬಂದದ್ದು ಕೆಲವೇ ಗಂಟೆಗಳಿಗೆ. ಅವರು ಬರುವ ಮುಂಚೆ ವಿಮಾನ ನಿಲ್ದಾಣದಿಂದ ಇಂದಿರಾ ಸೇತುವೆಯತ್ತ ಹೋಗುವ ರಸ್ತೆಯ ಬದಿಯಲ್ಲಿ ಗುಡಿಸಲುಗಳ ಮುಂದೆ ಉದ್ದಕ್ಕೂ ಗೋಡೆ ಎದ್ದಿತು. ಒತ್ತುವರಿ ತಡೆಯಲು ಮೊದಲೇ ಯೋಚಿಸಿದ್ದ ಗೋಡೆ ಎಂದು ನಗರಪಾಲಿಕೆ ಹೇಳಿತು. ಅದರ ಹಿಂದಿನವರು ಅದನ್ನು ಹಾಗೆ ತಿಳಿಯಲಿಲ್ಲ.

ನೆಂಟರು ಬರುತ್ತಾರೆಂದರೆ ಒಗೆಯುವ ಬಟ್ಟೆಯನ್ನು ನಾವೂ ಒಳಕೋಣೆಗೆ ತಳ್ಳುತ್ತೇವೆ. ಅದು ಮರ್ಯಾದೆ. ಆದರೆ ಬಟ್ಟೆಗೆ ಮಾನಾಪಮಾನ ಇಲ್ಲ. ಮನೆಯವರಲ್ಲೇ ಒಬ್ಬರನ್ನು ‘ನೆಂಟರು ಹೋಗುವವರೆಗೆ ಒಳಗಿರಿ’ ಎಂದರೆ ಅದು ಬೇರೆ. ಹಳೇ ಕಾಲದ ನಮ್ಮ ಮನೆಗಳಲ್ಲಿ ವಿಧವೆ ಅಜ್ಜಿಗೋ ಬುದ್ಧಿ ಬೆಳೆಯದ ಮಗುವಿಗೋ ಹಾಗೆ ಹೇಳುತ್ತಿದ್ದದ್ದು ಉಂಟು. ಬಂದವನಿಗೆ ಅದರಿಂದ ಏನೂ ನಷ್ಟವಿಲ್ಲ. ನಷ್ಟ ಒಳಗಿದ್ದವರದು, ಮನೆಯವರ ಎಣಿಕೆಯಲ್ಲಿ ತಾವಿಲ್ಲ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ. ಆಶ್ರಮದಿಂದ ಹೊರಟು ಯಾವ ರಸ್ತೆಯಲ್ಲಿ ಕಾರು ತಿರುಗಿಸಬೇಕೆಂದು ನಾವು ಚಾಲಕನಿಗೆ ಹೇಳುವಾಗಲೂ ಇಂಥದ್ದೇ ಸಣ್ಣ ಗೋಡೆಯೊಂದು ಏಳುತ್ತಿರುತ್ತದೆ.

ಇನ್ನೂ ಒಂದು ದಿನ ಉಳಿಯುವ ನೆಂಟರನ್ನು ಸೂರತ್‌ಗೆ ಕರೆದೊಯ್ಯುವುದುಂಟು. ಊಟಕ್ಕೆ ಸೂರತ್, ಸಾಯಲು ಕಾಶಿ ಎಂಬ ಗಾದೆ ಗುಜರಾತಿಯಲ್ಲಿದೆ. ಘಾರಿ, ಲೋಚೋ ತಿಂದು ಡಚ್ಚರ, ಇಂಗ್ಲಿಷರ ಹಳೇ ಸ್ಮಶಾನಕ್ಕೆ ಹೋದರೆ ಗುಮ್ಮಟ ಹೊತ್ತ ದೊಡ್ಡ ಗೋರಿಗಳು. ಒಂದು ವಾನ್ ರೀಡೆಯದು. ಮಲಬಾರಿನ ಗಿಡಮೂಲಿಕೆಗಳನ್ನೆಲ್ಲ ಅಲ್ಲಿನ ವೈದ್ಯರ ನೆರವಿನಿಂದ ಹನ್ನೆರಡು ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ ಆಗಿ ಬರೆಸಿದ ಡಚ್ ಅಧಿಕಾರಿ. 1691ರಲ್ಲಿ ಸೂರತ್‌ಗೆ ಬರುವ ದಾರಿಯಲ್ಲಿ ಹಡಗಿನಲ್ಲೇ ತೀರಿಕೊಂಡ. ಬದುಕಿದ್ದು ಈ ಊರು ತಲುಪದವನ ಗೋರಿ ಈಗ ಊರಿನ ಪ್ರೇಕ್ಷಣೀಯ ಸ್ಥಳ.

ಅದೇ ಊರಿನ ಪವರ್‌ಲೂಮ್ ಕೇರಿಗಳಲ್ಲಿ ಒಡಿಶಾದ ಗಂಜಾಂ ಕಡೆಯಿಂದ ಬಂದ ಲಕ್ಷಾಂತರ ಜನ ನೇಯುತ್ತಾರೆ. ಮೆಸ್ ಎಂದು ಕರೆಯುವ ಕೋಣೆಗಳಲ್ಲಿ ಪಾಳಿಯ ಮೇಲೆ ಮಲಗುತ್ತಾರೆ, ಹಗಲು ಪಾಳಿಯವನು ಎದ್ದು ಹೋದ ಜಾಗದಲ್ಲಿ ರಾತ್ರಿ ಪಾಳಿಯವನು. ಅವರಲ್ಲಿ ಇಪ್ಪತ್ತು ವರ್ಷ ಇದ್ದವನೊಬ್ಬ ವಾನ್ ರೀಡೆಯ ಗೋರಿ ನೋಡಿರಲಾರ, ಅದನ್ನು ನೋಡಿ ಬಂದವರು ಅವನ ಕೋಣೆ ನೋಡಿರಲಾರರು. ಸೂರತ್ ಹೇಗಿದೆ ಎಂದು ಕೇಳುವುದಿದ್ದರೆ ನಾನು ಅವನನ್ನು ಕೇಳಿಯೇನು. ಅವನಿಗೆ ಉತ್ತರ ಹೇಳುವಷ್ಟು ಪುರಸೊತ್ತು ಇರಬೇಕು. ಹನ್ನೆರಡು ಗಂಟೆ ಮಗ್ಗದ ಮುಂದೆ ನಿಂತು ಬಂದಿರುತ್ತಾನೆ, ಜಾಗ ಬಿಡಬೇಕಾದ ಹೊತ್ತಿಗೆ ಮುಂಚೆ ಒಂದಿಷ್ಟು ನಿದ್ದೆ ಆಗಬೇಕು.