ಗೆಲುವೂ ಕಾಯಕವಾಗಲಿ

ಶ್ರಾವಣ ಮಾಸದಲ್ಲಿ ಬಸವನ ಬಾಗೇವಾಡಿಯ ಮೂಲ ನಂದೀಶ್ವರನ ಜಾತ್ರೆ ನೆರೆಯುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಸೀಮೆಯ ಊರುಗಳಲ್ಲಿಯೂ ಜಾತ್ರೆಯೆಂದರೆ ತೇರಿನ ಜೊತೆಗೆ ಕುಸ್ತಿಯ ಕಣವೂ ನೆನಪಾಗುತ್ತದೆ. ತೆಂಗಿನಕಾಯಿಗಾಗಿ ಸೆಣಸುವ ಹುಡುಗರಿಂದ ಮೊದಲುಗೊಂಡು ಬೆಳ್ಳಿಯ ಕಡಗದ ಜೋಡಿಯವರೆಗೆ ಕಣವು ಏರುತ್ತ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಕಣದಲ್ಲಿ ವಿಜಯಿಗೆ ನಾವೇ ಕೈಯಾರೆ ಕಡಗ ತೊಡಿಸಿದೆವು. ಆ ಜೋಡಿಯ ಸೋಲು-ಗೆಲುವು ಹಿಂದಿನ ರಾತ್ರಿಯೇ ನಿಶ್ಚಯವಾಗಿತ್ತೆಂದು ಅನಂತರ ತಿಳಿಯಿತು. ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತಿದೆ: ದುಡಿಯದೆ ಪಡೆದ ಗೆಲುವು ಯಾರದು?

ಪ್ರಶ್ನೆ ಬಹು ಹಳೆಯದು. ಗ್ರೀಸ್ ದೇಶದ ಒಲಿಂಪಿಯಾದಲ್ಲಿ ಜ್ಯೂಸ್ ದೇವನ ಉತ್ಸವದ ಅಂಗವಾಗಿ ನಾಲ್ಕು ವರ್ಷಗಳಿಗೊಮ್ಮೆ ಕ್ರೀಡೆಗಳು ಜರುಗುತ್ತಿದ್ದವು. ಅವುಗಳ ಆರಂಭವನ್ನು ಕ್ರಿ.ಪೂ. 776ಕ್ಕೆ ಹೇಳುವುದು ರೂಢಿ. ಅದೂ ಒಂದು ಜಾತ್ರೆಯೇ. ಹೋಗಿಬರುವವರ ರಕ್ಷಣೆಗಾಗಿ ಪವಿತ್ರ ಕದನವಿರಾಮವನ್ನು ಸಾರುತ್ತಿದ್ದರು. ಗೆದ್ದವನಿಗೆ ದೊರೆಯುತ್ತಿದ್ದುದು ಆಲಿವ್ ಎಲೆಗಳ ಕಿರೀಟ ಮಾತ್ರ. ಎರಡನೆಯವನಿಗೆ ಏನೂ ಇಲ್ಲ. ಆದರೆ ವಿಜಯಿಯು ತನ್ನ ನಗರಕ್ಕೆ ಮರಳಿದಾಗ ಮನ್ನಣೆ, ಧನ ಎರಡೂ ಕಾದಿರುತ್ತಿದ್ದವು. ಆಸೆ ಅಲ್ಲಿಂದಲೇ ಹುಟ್ಟಿತು. ಕ್ರಿ.ಪೂ. 388ರಲ್ಲಿ ಥೆಸಲಿಯ ಯುಪೋಲಸನೆಂಬ ಮುಷ್ಟಿಮಲ್ಲನು ಎದುರಾಳಿಗಳಿಗೆ ಲಂಚವಿತ್ತು ಗೆದ್ದು, ಸಿಕ್ಕಿಬಿದ್ದನು. ದಂಡದ ಹಣದಿಂದ ಜ್ಯೂಸ್ ದೇವನ ಕಂಚಿನ ಪ್ರತಿಮೆಗಳನ್ನು ಮಾಡಿಸಿ ಕ್ರೀಡಾಂಗಣದ ದಾರಿಯಲ್ಲಿ ನಿಲ್ಲಿಸಿದರು. ಕಣಕ್ಕೆ ಹೋಗುವವರ ಕಣ್ಣಿಗೆ ಅವು ಬೀಳಲೆಂಬುದೇ ಉದ್ದೇಶ. ದೇವರ ಉತ್ಸವವೆಂದ ಮಾತ್ರಕ್ಕೆ ಮನುಷ್ಯನ ಲೋಭ ಅಡಗುವುದಿಲ್ಲ.

1896ರಲ್ಲಿ ಅಥೆನ್ಸ್ ನಗರದಲ್ಲಿ ಈ ಕ್ರೀಡೆಗಳು ಹೊಸ ರೂಪದಲ್ಲಿ ಮರುಹುಟ್ಟು ಪಡೆದವು. ಲೋಭವೂ ಹೊಸ ರೂಪ ತಾಳಿತು. 1988ರಲ್ಲಿ ಸೋಲ್ ನಗರದಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರುಗಳನ್ನು 9.79 ಸೆಕೆಂಡುಗಳಲ್ಲಿ ಓಡಿದಾಗ ಜಗತ್ತೇ ಬೆರಗಾಯಿತು. ನಿಷೇಧಿತ ಮದ್ದಿನ ಸೇವನೆ ಪರೀಕ್ಷೆಯಲ್ಲಿ ಬಯಲಾಗಿ, ಕೆಲವೇ ದಿನಗಳಲ್ಲಿ ಪದಕ ಕೈಬಿಟ್ಟಿತು.

“ಅಂಥವನೂ ಬೆವರು ಸುರಿಸಿದ್ದಾನಲ್ಲವೇ?” ಎಂದು ಕೇಳಬಹುದು. ಇದಕ್ಕೆ ಉತ್ತರ ಆಯ್ದಕ್ಕಿ ಲಕ್ಕಮ್ಮನ ಬಾಳಿನಲ್ಲಿದೆ. ಪತಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದಳು ಆ ತಾಯಿ. ಅದು ಕದ್ದ ಅಕ್ಕಿಯಲ್ಲ, ಆಯ್ದದ್ದೇ. ಆದರೂ ಅಳತೆ ಮೀರಿತ್ತು. ದುಡಿದು ತಂದುದರಲ್ಲಿಯೇ ಹೆಚ್ಚಿನದನ್ನು ಒಲ್ಲೆನೆಂದ ಶರಣಧರ್ಮವು, ದುಡಿಯದೆ ಬಂದ ಗೆಲುವನ್ನು ಹೇಗೆ ಒಪ್ಪೀತು? ಕಾಯಕದಲ್ಲಿ ಫಲದಷ್ಟೇ ದಾರಿಯೂ ಶುದ್ಧವಾಗಿರಬೇಕು.

ನಮ್ಮ ನಾಡಿನವರೇ ಆದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟದಲ್ಲಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ತೆಗೆದುಕೊಂಡ ಕಾಲ 2 ಗಂಟೆ 50 ನಿಮಿಷಗಳಿಗೆ ತುಸು ಹೆಚ್ಚು. ಪದಕವಿಲ್ಲ, ಕಿರೀಟವಿಲ್ಲ. ಪ್ರಾಚೀನ ಒಲಿಂಪಿಯಾದಲ್ಲಾಗಿದ್ದರೆ ಅವರ ಹೆಸರು ಉಳಿಯುತ್ತಲೇ ಇರಲಿಲ್ಲ. ಆದರೆ ಕಾಯಕದ ತಕ್ಕಡಿಯಲ್ಲಿ ಆ ಹತ್ತೊಂಬತ್ತನೆಯ ಸ್ಥಾನವು ಲಂಚದಿಂದ ಪಡೆದ ಕಿರೀಟಕ್ಕಿಂತ ಭಾರವಾಗಿ ತೂಗುತ್ತದೆ. ಏಕೆಂದರೆ ಅದು ಅವರ ಕಾಲುಗಳು ದುಡಿದು ತಂದದ್ದು.

ಜಾತ್ರೆಗಳನ್ನು ನಡೆಸುವ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಗೆದ್ದವನಿಗೆ ಕಡಗ ತೊಡಿಸುವಾಗ, ನ್ಯಾಯವಾಗಿ ಸೆಣಸಿ ಸೋತವನನ್ನೂ ಕರೆದು ಒಂದು ಕಾಯಿಯನ್ನಾದರೂ ಕೊಡಿರಿ. ಸೋಲಿಗೂ ಮಾನವಿದೆಯೆಂದು ಕಂಡ ಹುಡುಗನು ಗೆಲುವನ್ನು ಕೊಳ್ಳಲು ಹೋಗಲಾರನು. ಮುಂದೆ ಕಡಗ ಹಿಡಿದು ನಿಲ್ಲುವಾಗ ನಾವೂ ಮೊದಲು ವಿಚಾರಿಸುವೆವು. ತೊಡಿಸುವ ಕೈ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ.