ಹೇಳಿಕೊಳ್ಳುವವನೂ ಕೇಳಿಸಿಕೊಳ್ಳುವವನೂ

ಕಾಸರಗೋಡಿನ ಕನ್ನಡಿಗರಾದ ನಮಗೆ ವಿಮಾನವೆಂಬುದು ದೂರದ ವಸ್ತುವಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಎಲ್ಲಿ ಹೋದರೂ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಮನೆಗಳುಂಟು. ಮಂಗಳೂರಿಗೋ ಕಣ್ಣೂರಿಗೋ ಹೋಗಿ ಮಕ್ಕಳನ್ನು ಬೀಳ್ಕೊಟ್ಟು ಬರುವುದು ನಮ್ಮ ಬದುಕಿನ ರೂಢಿಯಾಗಿದೆ. 2010ರ ಮೇ 22ರ ಮುಂಜಾನೆ ಮಂಗಳೂರಿನ ವಿಮಾನ ದುರಂತದಲ್ಲಿ 158 ಮಂದಿ ಅಸುನೀಗಿದಾಗ ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಶೋಕದಲ್ಲಿ ಮುಳುಗಿದವು. ಅಂದಿನಿಂದ, ತಲುಪಿದೆನೆಂಬ ಫೋನ್ ಬರುವವರೆಗೆ ಹಿರಿಯರಿಗೆ ನಿದ್ರೆಯಿಲ್ಲ. ಆದರೆ ಅಪಾಯವು ಆಕಾಶದಲ್ಲಿ ಮಾತ್ರ ಇರುವುದಿಲ್ಲ. ವಿಮಾನವು ನೆಲದ ಮೇಲೆ ಆಮೆನಡಿಗೆಯಲ್ಲಿ ಸಾಗುವಾಗಲೂ ಇರುತ್ತದೆ.

2022ರ ಮಾರ್ಚ್ 28ರಂದು ದೆಹಲಿಯಲ್ಲಿ ನಡೆದುದನ್ನು ನೋಡಿ. ಜಮ್ಮುವಿಗೆ ಹೊರಟಿದ್ದ ಸ್ಪೈಸ್‌ಜೆಟ್ ಸಂಸ್ಥೆಯ ಬೋಯಿಂಗ್ 737 ವಿಮಾನವನ್ನು ನಿಲುಗಡೆಯಿಂದ ಹಿಂದಕ್ಕೆ ದೂಡುತ್ತಿದ್ದಾಗ ಅದರ ಬಲರೆಕ್ಕೆ ಒಂದು ಕಂಬಕ್ಕೆ ತಗಲಿ ಹಾನಿಗೊಂಡಿತು. ಯಾರಿಗೂ ಗಾಯವಾಗಲಿಲ್ಲ, ಪ್ರಯಾಣಿಕರನ್ನು ಬೇರೊಂದು ವಿಮಾನದಲ್ಲಿ ಕಳುಹಿಸಲಾಯಿತು. ನಿಲುಗಡೆಯಿಂದ ಹಿಂದೆ ಸರಿಯಲು ವಿಮಾನವು ಸಾಮಾನ್ಯವಾಗಿ ತನ್ನ ಎಂಜಿನ್ನನ್ನು ಬಳಸುವುದಿಲ್ಲ. ಮೂಗಿನ ಕೆಳಗಿನ ಚಕ್ರಕ್ಕೆ ಟಗ್ ಎಂಬ ಗಟ್ಟಿಮುಟ್ಟಾದ ವಾಹನವನ್ನು ಜೋಡಿಸಿ ದೂಡುತ್ತಾರೆ. ಆ ಬಗೆಯ ವಿಮಾನದ ರೆಕ್ಕೆಗಳ ಹರವು ಸುಮಾರು 36 ಮೀಟರ್. ಮುಂದೆ ಕುಳಿತ ಟಗ್ ಚಾಲಕನಿಗೆ ರೆಕ್ಕೆಯ ತುದಿ ಸರಿಯಾಗಿ ಕಾಣಿಸದು. ತುದಿಯ ಬಳಿ ನಡೆಯುವ ಸಹಾಯಕನ ಸಂಜ್ಞೆಯೇ ಅವನ ಕಣ್ಣು.

ಇಂತಹ ಸುದ್ದಿ ಓದಿದೊಡನೆ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ, "ಇದು ಯಾರ ತಪ್ಪು?" ಈ ಪ್ರಶ್ನೆ ಸಹಜವಾದುದು. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ ಎಂದು ನಮಗೆ ತೋರುತ್ತದೆ. ಕಂಬಕ್ಕೆ ತಗಲಿದ ರೆಕ್ಕೆಯನ್ನು ಎಲ್ಲರೂ ಕಂಡರು. ಯಾರೂ ಕಾಣದಂತಹ ಪೆಟ್ಟಾಗಿದ್ದರೆ, ಅದನ್ನು ಬಲ್ಲ ಒಬ್ಬನೇ ಒಬ್ಬ ಕೆಲಸಗಾರ ಏನು ಮಾಡಬೇಕು?

ಇದು ಬರಿಯ ಕಲ್ಪನೆಯಲ್ಲ. 2005ರ ಡಿಸೆಂಬರ್ 26ರಂದು ಅಮೆರಿಕದ ಸಿಯಾಟಲ್ ವಿಮಾನ ನಿಲ್ದಾಣದಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನವೊಂದಕ್ಕೆ ನೆಲದ ಕೆಲಸದ ವಾಹನವೊಂದು ತಾಗಿತು. ತಾಗಿಸಿದವನು ಆಗಲೇ ಯಾರಿಗೂ ತಿಳಿಸಲಿಲ್ಲ. ವಿಮಾನವು ಸುಮಾರು 26,000 ಅಡಿ ಎತ್ತರಕ್ಕೆ ಏರಿದಾಗ ಪೆಟ್ಟು ಬಿದ್ದಲ್ಲಿ ಒಂದು ಅಡಿ ಉದ್ದ, ಅರ್ಧ ಅಡಿ ಅಗಲದ ರಂಧ್ರ ಬಿಚ್ಚಿಕೊಂಡು ಒಳಗಿನ ಗಾಳಿಯ ಒತ್ತಡ ಕುಸಿಯಿತು. ಪೈಲಟ್‌ಗಳು ವಿಮಾನವನ್ನು ಮರಳಿ ಸಿಯಾಟಲ್‌ನಲ್ಲೇ ಇಳಿಸಿದರು, ಎಲ್ಲರೂ ಬದುಕಿದರು. ಆ ಬಳಿಕವಷ್ಟೇ ಕೆಲಸಗಾರ ನಡೆದುದನ್ನು ಒಪ್ಪಿಕೊಂಡನು. ತಾಗಿಸಿದ್ದು ಕ್ಷಣದ ಪ್ರಮಾದ. ಅಷ್ಟೊಂದು ಜನರನ್ನು ಗಂಡಾಂತರಕ್ಕೆ ಒಡ್ಡಿದುದು ಅನಂತರದ ಮೌನ.

ಅವನನ್ನು ಹಳಿಯಲು ಹೊರಟಾಗಲೆಲ್ಲ ನಮಗೆ ನಮ್ಮ ಶಾಲೆಯ ನೆನಪಾಗುತ್ತದೆ. ನಾವು ಮುಖ್ಯೋಪಾಧ್ಯಾಯರಾಗಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸಂಜೆ ತಾನಾಗಿಯೇ ಬಂದು, ಪ್ರಯೋಗಾಲಯದ ಸೂಕ್ಷ್ಮದರ್ಶಕ ತನ್ನ ಕೈಯಿಂದ ಬಿದ್ದು ಒಡೆಯಿತೆಂದು ಹೇಳಿದನು. ಮರುದಿನ ನಾವು ಅವನನ್ನು ಅಸೆಂಬ್ಲಿಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಗದರಿಸಿದೆವು. ಬೀಡಿ ಕಟ್ಟಿ ಬದುಕುತ್ತಿದ್ದ ಅವನ ತಂದೆಯನ್ನು ಕರೆಸಿ ಹಣವನ್ನೂ ಕಟ್ಟಿಸಿದೆವು. ಶಿಸ್ತನ್ನು ಕಾಪಾಡಿದೆವೆಂಬ ತೃಪ್ತಿ ನಮಗಿತ್ತು. ಮುಂದಿನ ವರ್ಷ ಅದೇ ಕೊಠಡಿಯ ಒಡೆದ ಸ್ವಿಚ್ಚಿನಿಂದ ಹುಡುಗಿಯೊಬ್ಬಳಿಗೆ ಶಾಕ್ ಹೊಡೆಯಿತು. ದೈವಕೃಪೆಯಿಂದ ಅವಳು ಉಳಿದಳು. ವಿಚಾರಿಸಿದರೆ, ಸ್ವಿಚ್ಚು ಒಡೆದುದು ವಾರದ ಹಿಂದೆಯೇ ಅರ್ಧ ತರಗತಿಗೆ ಗೊತ್ತಿತ್ತು. ಏಕೆ ಹೇಳಲಿಲ್ಲವೆಂದು ಕೇಳಿದಾಗ ಒಬ್ಬನು ತಲೆತಗ್ಗಿಸಿಯೇ ನುಡಿದನು: "ಹೇಳಿದರೆ ಅಸೆಂಬ್ಲಿಯಲ್ಲಿ ನಿಲ್ಲಿಸುತ್ತೀರಲ್ಲ, ಸರ್." ಅವರಿಗೆ ಮೌನವನ್ನು ಕಲಿಸಿದವರು ನಾವೇ ಆಗಿದ್ದೆವು.

ವಿಮಾನಯಾನ ಲೋಕವು ಈ ಪಾಠವನ್ನು ನಮಗಿಂತ ಮೊದಲೇ ಕಲಿತಿತ್ತು. ಅಪಘಾತದ ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ದೋಷ ಹೊರಿಸುವುದಲ್ಲವೆಂದು ಚಿಕಾಗೋ ಅಂತರರಾಷ್ಟ್ರೀಯ ಒಪ್ಪಂದದ 13ನೆಯ ಅನುಬಂಧ ಸಾರುತ್ತದೆ. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳೂ ಇತರ ಸಿಬ್ಬಂದಿಯೂ ತಮ್ಮ ಪ್ರಮಾದಗಳನ್ನು ಗುಟ್ಟಾಗಿ ವರದಿ ಮಾಡುವ ವ್ಯವಸ್ಥೆಯಿದೆ. ಆ ವರದಿಗಳನ್ನು ಸ್ವೀಕರಿಸುವುದು ದಂಡ ವಿಧಿಸುವ ಇಲಾಖೆಯಲ್ಲ. ದಂಡಿಸುವ ಅಧಿಕಾರವಿಲ್ಲದ ನಾಸಾ ಸಂಸ್ಥೆ.

ಹಾಗಾದರೆ ಎಲ್ಲವನ್ನೂ ಕ್ಷಮಿಸಿದರೆ ಅಜಾಗರೂಕತೆ ಬೆಳೆಯದೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕುಡಿದು ವಾಹನ ನಡೆಸಿದವನನ್ನೂ, ತಿಳಿದೂ ತಿಳಿದೂ ನಿಯಮ ಮುರಿದವನನ್ನೂ ಶಿಕ್ಷಿಸಲೇಬೇಕು. ಅಮೆರಿಕದ ಆ ವ್ಯವಸ್ಥೆಯೂ ಉದ್ದೇಶಪೂರ್ವಕ ಅಪರಾಧಕ್ಕೆ ರಕ್ಷಣೆ ನೀಡುವುದಿಲ್ಲ. ಕೈತಪ್ಪು ಬೇರೆ, ಉಡಾಫೆ ಬೇರೆ, ಮರೆಮಾಚುವುದು ಬೇರೆ. ಈ ಮೂರನ್ನೂ ಒಂದೇ ಬೆತ್ತದಿಂದ ಅಳೆದುದೇ ನಮ್ಮ ದೋಷ. ತಪ್ಪಿಗೆ ಬೀಳುವ ಏಟೂ ನಿಜ ಹೇಳಿದುದಕ್ಕೆ ಬೀಳುವ ಏಟೂ ಒಂದೇ ಆದರೆ, ನಿಜ ಹೇಳುವವರು ಯಾರು?

ಪುಣ್ಯಕೋಟಿಯ ಕಥೆಯನ್ನು ಮೂವತ್ತು ವರ್ಷಗಳ ಕಾಲ ನಾವು ಮಕ್ಕಳಿಗೆ ಹೇಳಿದೆವು. ಕೊಟ್ಟ ಮಾತನ್ನು ಉಳಿಸಿಕೊಂಡ ಹಸುವನ್ನು ಕೊಂಡಾಡಿದೆವು. ಆ ಕಥೆಯಲ್ಲಿ ಸತ್ಯವನ್ನು ಕಂಡು ಮನಕರಗಿದ ಹುಲಿಯೂ ಇದೆಯೆಂಬುದನ್ನು ಒತ್ತಿ ಹೇಳಲಿಲ್ಲ. ಸತ್ಯವಂತರಾಗಿರೆಂದು ಮಕ್ಕಳಿಗೆ ಉಪದೇಶಿಸುವುದು ಸುಲಭ. ಅವರ ಸತ್ಯವನ್ನು ಕೇಳಿಸಿಕೊಳ್ಳುವ ತಾಳ್ಮೆಯನ್ನು ಹಿರಿಯರು ಗಳಿಸುವುದು ಕಷ್ಟ. ಮನೆಯಲ್ಲಿ ಮಗು ಅಂಕಪಟ್ಟಿ ತಂದಾಗಲೂ, ಸಂಘದ ಕೋಶಾಧಿಕಾರಿ ಲೆಕ್ಕದಲ್ಲಿ ತಪ್ಪಾಗಿದೆಯೆಂದು ತಾನೇ ಹೇಳಿದಾಗಲೂ ನಮ್ಮ ಮೊದಲ ಮಾತು ಏನಾಗಿರುತ್ತದೆಂಬುದನ್ನು ಒಮ್ಮೆ ಪರೀಕ್ಷಿಸಿಕೊಳ್ಳೋಣ.

ಆ ಹುಡುಗ ಈಗ ಎಲ್ಲಿರುವನೋ ತಿಳಿಯದು. ಅವನ ತಂದೆ ಕಟ್ಟಿದ ಹಣವನ್ನು ಹಿಂದಿರುಗಿಸುವ ಅವಕಾಶವೂ ನಮಗೆ ಒದಗಲಿಲ್ಲ. ಎಂದಾದರೂ ಈ ಸಂಚಿಕೆ ಅವನ ಕೈಸೇರಿದರೆ, ಅಂದು ತಪ್ಪಿದವರು ನಾವೆಂದು ಅವನು ಇಲ್ಲಿ ಓದಿಕೊಳ್ಳಲಿ.