ಕುಕ್ಕರಿನ ಸತ್ಯ

ಚೆನ್ನೈನ ನಮ್ಮ ಕೆಳಮನೆಯ ಸೊಸೆ ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವ್ ಜನಾಂಗದವಳು. ದನದ ಮಾಂಸದ ‘ರೆಂದಾಂಗ್’ ಅವರ ಕಡೆಯ ಅಡುಗೆ. ನಾನು ತಿನ್ನುವವನಲ್ಲ, ಕೇಳಿ ತಿಳಿದದ್ದಷ್ಟೆ. ತೆಂಗಿನಹಾಲಿನಲ್ಲಿ ಗಂಟೆಗಟ್ಟಲೆ ಬೇಯಿಸಿ, ನೀರು ಇಂಗಿದ ಮೇಲೆ ಬಿಟ್ಟುಕೊಂಡ ಎಣ್ಣೆಯಲ್ಲೇ ಕಂದುಬಣ್ಣಕ್ಕೆ ಹುರಿಯಬೇಕಂತೆ. ವಾರಗಟ್ಟಲೆ ಕೆಡದು, ಊರುಬಿಟ್ಟು ದುಡಿಯಹೋಗುವ ಗಂಡುಮಕ್ಕಳ ಬುತ್ತಿ.

ಈಕೆಯದು ಕರೆಂಟಿನ ಪ್ರೆಷರ್ ಕುಕ್ಕರ್. ಮಾಂಸವೇನೋ ಬೇಗ ಬೇಯುತ್ತದೆ, ಆದರೆ ಮುಚ್ಚಿದ ಪಾತ್ರೆಯ ನೀರು ಹೋಗುವುದೆಲ್ಲಿಗೆ? ಮುಚ್ಚಳ ತೆಗೆದು ಇಂಗಿಸದಿದ್ದರೆ ಅದು ‘ಕಾಲಿಯೊ’, ಗೊಜ್ಜಿನ ಹದದ ಅರ್ಧದಾರಿಯ ಪದಾರ್ಥ. ಅವಸರದ ದಿನ ಅಲ್ಲಿಗೇ ನಿಲ್ಲಿಸಿ, ಕಾಲಿಯೊ ಎಂದು ಹೇಳಿಯೇ ಬಡಿಸುತ್ತಾಳೆ.

‘ಇಲ್ಲಿ ಯಾರಿಗಮ್ಮಾ ಗೊತ್ತಾಗೋದು?’ ಅಂದೆ.

‘ನನಗೆ ಗೊತ್ತಲ್ಲ ಅಂಕಲ್.’

ಹೊತ್ತು ಉಳಿಸಿದ್ದು ಮೋಸವಲ್ಲ. ಉಳಿಸಿಯೂ ಹಳೆಯ ಹೆಸರಿನ ಮರ್ಯಾದೆ ಬಯಸುವುದು? ನಮ್ಮ ಮನೆಯಲ್ಲಿ ಮಕ್ಕಳಿಗೆ, ಈಗ ಮೊಮ್ಮಕ್ಕಳಿಗೆ, ಅಂಗಡಿ ಪುಡಿಯ ಸಾರನ್ನು ‘ಊರಿನ ಅಜ್ಜಿ ಸಾರು’ ಅಂತಲೇ ಬಡಿಸಿಕೊಂಡು ಬಂದಿದ್ದೇವೆ.